ಬಸುರಿ ಮಣೆ

"ಬಸುರಿ ಅಂತ ಕೂತ್ಕೊಂಡ್ ಮಾಡೋ ಕೆಲ್ಸ ಕೊಟ್ಟಿದೀನಿ. ಅದಕ್ಕೂ ಕೈ ಓಡಲ್ವೇನೇ, ಬೇವರ್ಸಿ?" ಮೇಸ್ತ್ರಿ ನನ್ನ ಮಣೆಯನ್ನು ಬೂಟುಗಾಲಲ್ಲಿ ಒದ್ದ. ನಾನು ವಾಲಿ, ಗೋಡೆ ಹಿಡಿದು ಸುಧಾರಿಸಿಕೊಂಡು ಮತ್ತೆ ತಗಡು ಕೆರೆಯತೊಡಗಿದೆ.

ಹಳೇ ಬ್ಯಾಟರಿ ಒಡೆಯುವ ಶೆಡ್ಡು ನಮ್ಮದು. ಗಂಡಸರು ಒಡೆಯುತ್ತಾರೆ, ಹೆಂಗಸರು ಹೊರುತ್ತಾರೆ. ಒಳಗಿನ ಸೀಸದ ತಗಡು ಕುಲುಮೆಗೆ ಹೋಗುವ ಮೊದಲು ಅದಕ್ಕಂಟಿದ ಪುಡಿಯನ್ನು ಒಬ್ಬರು ಕೆರೆದು ತೆಗೆಯಬೇಕು. ಅದು ಮೂಲೆಯಲ್ಲಿ ಮರದ ಮಣೆಯ ಮೇಲೆ ಕೂತು ಮಾಡುವ ಕೆಲಸ. ಹೊಟ್ಟೆ ಕಂಡವಳಿಗೆ ಧಣಿ ಆ ಮಣೆ ಕೊಡುತ್ತಿದ್ದ. ನಮ್ಮಲ್ಲಿ ಬಸುರಿಯರು ಭಾರ ಎತ್ತುವುದಿಲ್ಲ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದ. ಆ ಮಣೆಗಾಗಿ ನಾವು ಜುಟ್ಟು ಹಿಡಿದು ಜಗಳವಾಡಿದ್ದೂ ಉಂಟು. ನಾನಂತೂ ಮೇಸ್ತ್ರಿಯ ಹೆಂಡತಿಯ ಕಾಲೊತ್ತಿ ದಕ್ಕಿಸಿಕೊಂಡವಳು. ಮೂಗಿಗೆ ಸೆರಗು ಕಟ್ಟಿಕೊಂಡರೆ ಸಾಕು, ಒಳಗೆ ಕೂಸಿಗೆ ಹೊಕ್ಕುಳಬಳ್ಳಿಯ ಬುಡದ ಮಾಸು ಕಾವಲಿದೆ ಎಂದು ನಂಬಿದ್ದೆ.

ನನಗಿಂತ ಮುಂಚೆ ಆ ಮಣೆಯಲ್ಲಿದ್ದವಳು ಗುಂಗುರು ಕೂದಲಿನವಳು. ಓರಗೆಯ ಮಕ್ಕಳು ಓಡಾಡುತ್ತಿವೆ, ಅವಳ ಮಗುವಿಗೆ ಇನ್ನೂ ಕತ್ತು ನಿಂತಿಲ್ಲ. ಹಣೆಬರಹ ಅಂದಿದ್ದೆವು. ನನ್ನ ನಂತರದ ಸರದಿ, ಮೈಯಲ್ಲಿ ಕಸುವಿಲ್ಲದ ಹೊಸ ಬಸುರಿಯದು. ಕಡ್ಡಿ ಅಂತಲೇ ಕರೆಯುತ್ತಿದ್ದೆವು. ಪೆಟ್ಟಿಗೆ ಹೊತ್ತು ಹೋಗುವಾಗೆಲ್ಲ ಅವಳು ನನ್ನ ಮಣೆ ನೋಡುತ್ತಿದ್ದಳು.

ಆ ಮಧ್ಯಾಹ್ನ ಧಣಿಯ ಕಾರು ಗೇಟು ದಾಟಿ ಒಳಬಂತು. ಹಿಂದಿನ ಸೀಟಿನಲ್ಲಿ ಅವನ ಸೊಸೆ, ನನ್ನಷ್ಟೇ ಹೊಟ್ಟೆ. ಧಣಿ ಆಫೀಸಿನೊಳಗಿಂದ ಚಪ್ಪಲಿಯನ್ನೂ ಮೆಟ್ಟದೆ ಓಡಿಬಂದ.

"ಬುದ್ಧಿ ಇದ್ಯೇನೋ, ಸೂಳೆಮಗನೆ? ಬಸುರಿ ಹೆಂಗ್ಸು ಈ ಗಾಳಿ ಕುಡೀಬಾರ್ದು. ಗಾಜು ಏರ್ಸು, ಹಿಂದಕ್ಕೆ ತಗೋ."

ಡ್ರೈವರು ಕಾರು ಹಿಂದಕ್ಕೆ ತೆಗೆದ. ನಾನು ತಗಡು ಹಿಡಿದುಕೊಂಡು ಹಾಗೇ ಕೂತಿದ್ದೆ. ಧಣಿಗೆ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು.

ಸಂಜೆ ಆಸ್ಪತ್ರೆಗೆ ಹೋಗಿ ನರ್ಸಮ್ಮನನ್ನು ಕೇಳಿದೆ, ಮಾಸು ಎಲ್ಲ ತಡೆಯುವುದಿಲ್ಲವೇ ಎಂದು. ಆಕೆ ನನ್ನ ಉಗುರು ನೋಡಿದಳು.

"ಮಾಸು ಗೋಡೆ ಅಲ್ಲಮ್ಮ. ನೀನು ಉಂಡಿದ್ದು ಹೋಗೋ ದಾರೀಲೇ ಸೀಸಾನೂ ಹೋಗುತ್ತೆ. ನಿನ್ನ ರಕ್ತದಲ್ಲಿ ಎಷ್ಟಿದ್ಯೋ ಮಗೂಗೂ ಹೆಚ್ಚುಕಮ್ಮಿ ಅಷ್ಟೇ."

ಕೆಲಸ ಬಿಟ್ಟರೆ ಸರಿಹೋಗುತ್ತದೆಯೇ ಎಂದೆ. ಇಷ್ಟು ವರ್ಷ ನನ್ನ ಮೂಳೆಯಲ್ಲಿ ಸೇರಿದ ಸೀಸವಿದೆಯಲ್ಲ, ಮಗುವಿಗೆ ಸುಣ್ಣದಂಶ ಕೊಡಲು ಆ ಮೂಳೆ ಸವೆಯುವಾಗ ಅದೂ ಜೊತೆಗೆ ಹೊರಡುತ್ತದಂತೆ. ಆದರೂ ಬಿಡು, ಇನ್ನಷ್ಟು ಸೇರುವುದು ಬೇಡ ಎಂದಳು.

ಕೋಣೆಗೆ ಬಂದು ಮೊಳೆಗೆ ನೇತುಹಾಕಿದ್ದ ಕೆಲಸದ ಸೀರೆ ಕೊಡವಿದೆ. ಹಾಸಿಗೆ ಮೇಲೆಲ್ಲ ಬೂದು ಪುಡಿ ಉದುರಿತು. ಗಂಡ ಲಾರಿ ಹತ್ತಿ ಹೋದವನು ಯಾವ ರಸ್ತೆಯಲ್ಲಿದ್ದನೋ. ಕೂಸು ಒದೆಯಿತು. ದಿನವೂ ಒದ್ದಾಗ ಅದರ ಜೊತೆ ಮಾತಾಡುತ್ತಿದ್ದೆ. ಅವತ್ತು ನಾಚಿಕೆಯಾಯಿತು, ಬಾಯಿ ಬರಲಿಲ್ಲ. ಒಳಗೊಂದು ಜೀವ ಇದ್ದೂ ಅಷ್ಟು ಒಂಟಿಯಾಗಿ ನಾನೆಂದೂ ಇರಲಿಲ್ಲ.

ಬೆಳಿಗ್ಗೆ ಶೆಡ್ಡಿಗೆ ಹೋದವಳೇ ಮಣೆ ಎತ್ತಿ ಕುಲುಮೆಯ ಬಾಯಿಗೆ ಎಸೆದೆ. ಮೇಸ್ತ್ರಿ ನನ್ನ ಹುಟ್ಟಿನಿಂದ ಹಿಡಿದು ಬೈದ. ನಾನು ಹೆಂಗಸರ ಕಡೆ ತಿರುಗಿ ನರ್ಸಮ್ಮ ಹೇಳಿದ್ದಷ್ಟನ್ನೂ ಹೇಳಿದೆ. ಗುಂಗುರು ಕೂದಲಿನವಳು ಪೆಟ್ಟಿಗೆ ಕೆಳಗಿಟ್ಟು ಗೋಡೆಗೆ ಮುಖ ಮಾಡಿ ನಿಂತಳು. ಉಳಿದವರು ದೂರ ಸರಿದರು. ಕಡ್ಡಿ ಒಬ್ಬಳೇ ಹತ್ತಿರ ಬಂದದ್ದು.

"ನಿಂದು ಮುಗೀತು ಅಂತ ನನ್ನ ಮಣೆ ಯಾಕಕ್ಕ ಸುಟ್ಟೆ? ಸೊಂಟ ಬಿದ್ದೋಗ್ತಿದೆ ನಂಗೆ."

ಮೇಸ್ತ್ರಿ ನಕ್ಕು, ಖಾಲಿ ಬ್ಯಾಟರಿ ಪೆಟ್ಟಿಗೆಯೊಂದನ್ನು ಮೂಲೆಗೆ ಒದ್ದ. ಕಡ್ಡಿ ಅದನ್ನು ಬೋರಲು ಹಾಕಿ ಕೂತು, ಮೂಗಿಗೆ ಸೆರಗು ಕಟ್ಟಿ, ತಗಡು ಎತ್ತಿಕೊಂಡಳು. ನಾನು ಅವಳೆದುರು ನೆಲದ ಮೇಲೆ ಕೂತು ಕೆರೆಯುವ ಕೈ ಹಿಡಿದುಕೊಂಡೆ.

"ಬಿಡಕ್ಕ."

"ಬಿಡಲ್ಲ ಕಣೆ."

ಹಿಂದಿನಿಂದ ಬೂಟಿನ ಸದ್ದು ಬರುತ್ತಿತ್ತು. ನಾನು ಅವಳ ಇನ್ನೊಂದು ಕೈಯನ್ನೂ ಹಿಡಿದೆ.