ಬಿರುಕಿನ ಮೇಲಿನ ಗಾಜು

ಪಾರಿವಾಳ ಇರಬೇಕು, ರೆಕ್ಕೆ ಬಡಿದು ಒಡೆದಿರಬೇಕು, ಆದರೆ ಕಲ್ಲಿಗೆ ಅಂಟಿಸಿದ ಗಾಜನ್ನು ಪಾರಿವಾಳ ಹೇಗೆ ಒಡೆದೀತು, ಬೆರಳಗಲದ ಪಟ್ಟಿ, ರೈಲು ಸೇತುವೆಯ ಈ ಕಮಾನಿನ ಬುಡದ ಬಿರುಕಿಗೆ ಅಡ್ಡಲಾಗಿ, ಎರಡೂ ತುದಿಗೆ ಗಾರೆ ಮೆತ್ತಿ ನಾನೇ ಕೂರಿಸಿದ್ದು, ಬಿರುಕು ಕದಲಿದರೆ ಗಾಜು ಒಡೆಯಬೇಕು, ಅಷ್ಟೇ ಅದರ ಕೆಲಸ, ಒಡೆದಿದೆ, ಸವರಿದರೆ ನಡುವೆ ಉಗುರು ಸಿಕ್ಕಿಕೊಳ್ಳುತ್ತದೆ, ಒಂದು ತುಂಡು ತುಸು ಕೆಳಗೆ ಜಾರಿದೆ, ಇಲ್ಲ, ಸಮವಾಗಿಯೇ ಇದೆಯೇನೋ, ಗಾರೆ ನಾನೇ ದಪ್ಪ ಮಾಡಿದೆನೇನೋ, ಒಣಗುವಾಗ ಬಿಗಿದು ಸೀಳಿರಬಹುದು, ತೆಳ್ಳಗೆ ಹಚ್ಚಿ ಎಂದು ಸಂಜೆ ತರಗತಿಯ ಮೇಷ್ಟ್ರು ಬಡಕೊಳ್ಳುತ್ತಿದ್ದರು, ಹಚ್ಚಿದ್ದೆ, ತೆಳ್ಳಗೇ ಹಚ್ಚಿದ್ದೆನಲ್ಲ — ಫೋನಿನಲ್ಲಿ ಇಂಜಿನಿಯರ್ ಸಾಹೇಬರು, ಏನಮ್ಮಾ, ಗಾಜಿನ ಚೂರು ನೋಡಿ ರೈಲು ನಿಲ್ಲಿಸ್ತೀಯಾ, ನಾಳೆ ಹಳೇ ಕಟ್ಟಡ ಉಳಿಸೋ ಸಮಿತಿಯವರು ಬರ್ತಿದಾರೆ, ಗಟ್ಟಿಮುಟ್ಟಾಗಿದೆ ಅಂದ್ರೆ ಸೇತುವೆ ಉಳಿಯುತ್ತೆ, ಅಪಾಯ ಅಂದ್ಯೋ, ಮುಗೀತು, ಕೆಡವೋಕೆ ಕಂಟ್ರಾಕ್ಟರು ತುದಿಗಾಲಲ್ಲಿ ನಿಂತಿದಾನೆ, ಆದ್ರೂ ಅಲ್ಲಿರೋಳು ನೀನು, ನೀನೇ ಹೇಳು.

ನಾನೇ ಹೇಳಬೇಕು, ಅಮ್ಮನಿಗೆ ಏನೆಂದು ಹೇಳಲಿ, ಈ ಕಮಾನು ಕಟ್ಟಿದ್ದು ನಮ್ಮಜ್ಜ ಎಂದು ಮನೆಗೆ ಬಂದವರಿಗೆಲ್ಲ ಕೊಚ್ಚಿಕೊಳ್ಳುವವಳು, ಕಮಾನು ಮುಗಿದು ಕೆಳಗಿನ ಮರದ ಆಸರೆ ಬಿಚ್ಚುವ ದಿನ ಮೇಸ್ತ್ರಿಯೇ ಅದರಡಿ ನಿಲ್ಲಬೇಕಿತ್ತಂತೆ, ಬಿದ್ದರೆ ಮೊದಲು ಅವನ ತಲೆಯ ಮೇಲೆ, ಅಮ್ಮನ ಅಜ್ಜ, ನನ್ನ ಮುತ್ತಜ್ಜ, ನಿಂತರಂತೆ, ನಿಂತಿದ್ದೇನೋ ನಿಜ ಕಣ್ರೇ, ಮೊಣಕಾಲು ಮಾತ್ರ ಗಡಗಡ ಅಂತಿತ್ತು ಎಂದು ಮುತ್ತಜ್ಜಿ ನಗುತ್ತಿದ್ದಳಂತೆ, ನಾನೀಗ ನಿಂತಿರುವುದೂ ಅದೇ ಜಾಗ, ಆದರೆ ಅವರು ಒಡ್ಡಿದ್ದು ಸ್ವಂತ ತಲೆ, ನಾನು ಒಡ್ಡುವುದು ಸಂಜೆ ರೈಲಿನವರದು, ಗಿರಣಿಯಿಂದ ಮರಳುವವರು, ಕಿಟಕಿಗಾಗಿ ಜಗಳವಾಡುವ ಮಕ್ಕಳು, ತೂಕಡಿಸುತ್ತ ಪಕ್ಕದವರ ಹೆಗಲಿಗೆ ಒರಗಿದವರು, ಆಚೆ ನಿಲ್ದಾಣದಲ್ಲಿ ಸೀಟಿ, ಮೊದಲ ಸೀಟಿ, ಎರಡನೆಯದಾದರೆ ರೈಲು ಹೊರಟಂತೆ — ಸಾರ್, ನಿಲ್ಲಿಸಿ, ಯಾರ ದನಿ ಇದು, ನನ್ನದೇ, ಖಚಿತಾನಾ ಅಮ್ಮಾ, ಇಲ್ಲ ಸಾರ್, ಖಚಿತ ಇಲ್ಲ, ಅದಕ್ಕೇ ನಿಲ್ಲಿಸಿ ಅಂದೆ, ಉಸಿರು ಬಿಟ್ಟ ಸದ್ದು, ಆಯ್ತು, ನಿಲ್ಲಿಸ್ತೀನಿ, ಫೋನ್ ಇಟ್ಟರು, ಎರಡನೇ ಸೀಟಿ ಬರಲಿಲ್ಲ, ಮುತ್ತಜ್ಜನ ಸೇತುವೆಯನ್ನು ಮರಿಮಗಳೇ ಕೆಡವಿಸಿದಳು ಎನ್ನುತ್ತಾಳೇನೋ ಅಮ್ಮ, ಕಮಾನು ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ನಿಂತಿದೆ, ಕಲ್ಲಿಗೆ ಕಲ್ಲು ಭುಜ ಕೊಟ್ಟು, ತಪ್ಪು ನನ್ನದಾಗಿರಲಿ, ದೇವರೇ, ನನ್ನದೇ ಆಗಿರಲಿ, ಇನ್ನೊಮ್ಮೆ ಸವರುತ್ತೇನೆ, ಮೇಲಿಂದ ಕೆಳಕ್ಕೆ, ನಿಧಾನ, ನುಣುಪು, ನುಣುಪು, ನುಣುಪು — ಉಗುರು ಸಿಕ್ಕಿಕೊಳ್ಳುತ್ತದೆ.