ಬೈರಣ್ಣನ ಹನ್ನೊಂದು ಗಾಳಗಳು

ಕೊಳಕು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಮೂವತ್ತೆರಡು ವರ್ಷ ಹಿಂದೂಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು ನಾನು. ಲ್ಯಾಬಿನ ಗಾಜಿನ ಮೇಲೆ ಬೆರಳಿನ ಗುರುತು ಕಂಡರೆ ಮಕ್ಕಳ ಜನ್ಮ ಜಾಲಾಡಿಬಿಡುತ್ತಿದ್ದೆ. ನಿವೃತ್ತಿಯಾದ ಮೇಲೆ ಪೆನ್ನೇರಿನ ದಂಡೆಯ ಹಳೆಯ ಪಂಪ್‌ಹೌಸಿನಲ್ಲಿ ಮೀನುಗಾರಿಕೆಯ ಮ್ಯೂಸಿಯಂ ಮಾಡುತ್ತೇನೆ ಅಂದಾಗ ನಮ್ಮ ಮನೆಯವರು, "ನಾಗರತ್ನ, ನೀರಿಲ್ಲದ ಹೊಳೆಗೆ ಮೀನಿನ ಮ್ಯೂಸಿಯಮ್ಮೇ?" ಅಂತ ನಕ್ಕರು. ನೀರಿಲ್ಲದ ಹೊಳೆಗೇ ಅದು ಬೇಕಾದ್ದು ಅಂತ ನಾನು ಹಟ ಹಿಡಿದೆ. ಈಗ ಲೇಪಾಕ್ಷಿ, ರೊದ್ದಂ ಕಡೆಯ ಶಾಲೆಗಳಿಂದ ಮಕ್ಕಳು ಬರುತ್ತಾರೆ. ಹೊಳೆಗೆ ಕಸ ಹಾಕಬಾರದು, ಮರಳು ತೋಡಬಾರದು ಅಂತ ಗಂಟಲು ಹರಿಯುವ ಹಾಗೆ ಹೇಳುತ್ತೇನೆ.

ಮ್ಯೂಸಿಯಮ್ಮಿನ ಜೀವವೆಂದರೆ, ಈ ಹೊಳೆಯಲ್ಲೇ ಮೀನು ಹಿಡಿದು ಬಾಳಿದ ಬೈರಣ್ಣನ ಗರಿಗಾಳಗಳು. ಎರೆಹುಳು ಚುಚ್ಚುವ ಗೋಜಿಲ್ಲ. ಕೋಳಿಯ ಕತ್ತಿನ ಗರಿಯನ್ನು ಗಾಳಕ್ಕೆ ಕಟ್ಟಿ, ನೀರಿನ ಮೇಲೆ ನೊಣ ಕೂತ ಹಾಗೆ ತೇಲಿಸಿ ಮೀನು ಹಿಡಿಯುವುದು. ಗಾಳದ ಮುಳ್ಳನ್ನು ಅವನು ಅರದಿಂದ ಉಜ್ಜಿ ನುಣ್ಣಗೆ ಮಾಡುತ್ತಿದ್ದ. ಮರಿಮೀನು ಸಿಕ್ಕರೆ ಬಾಯಿ ಹರಿಯದಂತೆ ಬಿಡಿಸಿ ಮತ್ತೆ ಹೊಳೆಗೆ ಬಿಡಬೇಕಲ್ಲ! ಎರಡು ವರ್ಷದ ಹಿಂದೆ ಹೆಂಡತಿ ಉಡುಸಲಮ್ಮನ ಜೊತೆ ಕಲ್ಯಾಣದುರ್ಗಕ್ಕೆ, ಮಗಳು ಅಮೃತಾಳ ಟಿಫಿನ್ ಹೋಟೆಲಿಗೆ ಕೈಜೋಡಿಸಲು ಹೊರಟಾಗ, ಬೆಂಡಿನ ತುಂಡಿಗೆ ಸಾಲಾಗಿ ಚುಚ್ಚಿದ್ದ ಹನ್ನೊಂದು ಗಾಳಗಳನ್ನು ನನ್ನ ಕೈಗಿಟ್ಟಿದ್ದ.

"ಗರಿ ಕಟ್ಟಿರೋದು ನಮ್ಮ ಉಡುಸಲಿ ಕೂದ್ಲಲ್ಲಿ ಟೀಚರಮ್ಮ. ನೂಲು ನೀರಲ್ಲಿ ಉಬ್ಬಿ ಸಡ್ಲ ಆಯ್ತದೆ. ಹೆಂಡ್ರು ಕೂದ್ಲು ಸಡ್ಲ ಆಗಲ್ಲ. ನಮ್ಮಪ್ಪ, ನಮ್ಮ ತಾತ ಎಲ್ಲಾ ಹಂಗೇ ಕಟ್ಟಿದ್ದು."

ಅದನ್ನೆಲ್ಲ ನಾನು ಚೀಟಿಯಲ್ಲಿ ಬರೆದು ಗಾಜಿನ ಪೆಟ್ಟಿಗೆಯ ಮುಂದೆ ಅಂಟಿಸಿದೆ. ಆದರೆ ಈ ವರ್ಷ ಸಂಕ್ರಾಂತಿಯ ಹೊತ್ತಿಗೆ ಆಫೀಸರುಗಳು ನೋಡಲು ಬರುತ್ತಾರೆ ಅಂತಾದಾಗ ನನ್ನ ಹಳೇ ಬುದ್ಧಿ ಕೆರಳಿತು. ಪೆಟ್ಟಿಗೆಯಲ್ಲಿ ಯಾರದೋ ತಲೆಗೂದಲು ಅಂದರೆ ನೋಡಿದವರು ಮುಖ ಸಿಂಡರಿಸರೇ? ಬ್ಲೇಡಿನಿಂದ ಕೂದಲೆಲ್ಲ ಕತ್ತರಿಸಿ ತೆಗೆದು, ಅದೇ ಗರಿಗಳನ್ನು ಕೆಂಪು ನೈಲಾನ್ ದಾರದಲ್ಲಿ ಅಚ್ಚುಕಟ್ಟಾಗಿ ಕಟ್ಟಿದೆ. ಮೊದಲಿನ ಗಾಳಗಳಲ್ಲಿ ಕೂದಲು ಕಪ್ಪಗಿತ್ತು, ಕೊನೆಯವುಗಳಲ್ಲಿ ಬೆಳ್ಳಗಿತ್ತು. ಧೂಳಿಗೆ ಮಾಸಿದೆ ಅಂದುಕೊಂಡೆ. ಕೂದಲು ಹಸಿ ಕಸವೋ ಒಣ ಕಸವೋ ಅಂತ ಕಸದ ಗಾಡಿಯವನ ಜೊತೆ ವಾದ ಬೇರೆ ಮಾಡಿದೆ. ವಾದದಲ್ಲಿ ನಾನೇ ಗೆದ್ದೆ.

ಹೋದ ಸೋಮವಾರ ಅಮೃತಾ ಫೋನ್ ಮಾಡಿದಳು.

"ಟೀಚರಮ್ಮ, ಅಮ್ಮ ಹೋಗ್ಬುಟ್ಳು. ಇಪ್ಪತ್ತು ದಿನ ಆಯ್ತು. ಕ್ಯಾನ್ಸರ್ ಮದ್ದಿಗೆ ತಲೇಲಿ ಒಂದ್ ಕೂದ್ಲೂ ಉಳೀಲಿಲ್ಲ. ನಮ್ಮಪ್ಪ ಬಾಚಣಿಗೆ, ದಿಂಬು, ಹಳೇ ಸೀರೆ ಎಲ್ಲಾ ಹುಡುಕ್ದ. ಏಮೀ ಲೇದು, ಒಂದ್ ಎಳೆನೂ ಸಿಗ್ಲಿಲ್ಲ. ಗುರುವಾರ ನಿಮ್ಮತ್ರ ಬತ್ತಾನೆ. ಒಂದೇ ಒಂದು ಗಾಳ ಕೊಟ್ಬುಡಿ, ಸಾಕಂತೆ. ಮಿಕ್ಕಿದ್ದು ಮಕ್ಕಳು ನೋಡೋಕೆ ಇರ್ಲಂತೆ."

"ಕಳಿಸಮ್ಮ" ಅಂದೆ. ಫೋನ್ ಇಟ್ಟವಳೇ ಪಂಪ್‌ಹೌಸಿಗೆ ಓಡಿದೆ. ನೆಲದ ಮೇಲೆ ಮಂಡಿಯೂರಿ ಟೇಬಲ್ಲಿನ ಸಂದು, ಪೊರಕೆಯ ಬುಡ, ಬ್ಲೇಡಿನ ಡಬ್ಬಿ, ಎಲ್ಲ ಕಡೆ ಹುಡುಕಿದೆ. ಒಂದು ಎಳೆಯೂ ಇಲ್ಲ. ಅಷ್ಟು ಚೊಕ್ಕಟವಾಗಿ ಗುಡಿಸುತ್ತಿದ್ದೆ ನಾನು. ಜೀವನದಲ್ಲಿ ಮೊದಲ ಸಲ ನನ್ನ ಚೊಕ್ಕಟತನದ ಮೇಲೆ ನನಗೇ ಹೇಸಿಗೆಯಾಯಿತು.

ಬುಧವಾರ ಮಾಡಬಾರದ ಕೆಲಸ ಮಾಡಿದೆ. ಬಣ್ಣ ಹಚ್ಚಿದ ನನ್ನದೇ ಕೂದಲೆಳೆಗಳನ್ನು ಕಿತ್ತು, ಸಾಲಿನ ಮೊದಲ ಗಾಳಕ್ಕೆ ಗರಿಯನ್ನು ಮತ್ತೆ ಕಟ್ಟಿದೆ. ಎಪ್ಪತ್ತೈದರ ಮುದುಕನ ಕಣ್ಣಿಗೆ ಕಪ್ಪು ಕಪ್ಪೇ ಅಲ್ಲವೇ ಅಂತ ಸಮಾಧಾನ ಹೇಳಿಕೊಂಡೆ.

ಗುರುವಾರ ಹನ್ನೊಂದಕ್ಕೆ ಬೈರಣ್ಣ ಬಂದ. ಒಗೆದ ಬಿಳಿ ಅಂಗಿ, ಕೈಯಲ್ಲಿ ಪುಟ್ಟ ಕುಂಕುಮದ ಡಬ್ಬಿ.

"ಉಡುಸಲೀದು. ಇದ್ರಲ್ಲಿ ಇಕ್ಕೊಂಡು ಹೋಯ್ತೀನಿ" ಅಂದ. ಡಬ್ಬಿಯನ್ನು ತೊಳೆದು ಒರೆಸಿ ತಂದಿದ್ದ.

ಅವನು ಗಾಜಿನ ಪೆಟ್ಟಿಗೆಯ ಹತ್ತಿರ ಹೋಗದಂತೆ ಅಡ್ಡ ನಿಂತು, "ನಿನಗೇ ಅಂತ ಒಂದನ್ನ ತೆಗೆದಿಟ್ಟಿದೀನಿ" ಅಂತ ಗಾಳವನ್ನು ಅವನ ಅಂಗೈಗೆ ಹಾಕಿದೆ.

"ಮೊದಲ್ನೇದು! ಮದ್ವೆ ಆದ ವರ್ಷ ಕಟ್ಟಿದ್ದು ಕಣಮ್ಮ. ಕಪ್ಪು ಕೂದ್ಲು. ವರ್ಷ ವರ್ಷಕ್ಕೂ ನರೀತಾ ಬಂತು, ಕಡೇದು ಪೂರ್ತಿ ಬೆಳ್ಳಗೆ..." ಅನ್ನುತ್ತ ಗರಿಯ ಬುಡವನ್ನು ಹೆಬ್ಬೆರಳಿನಿಂದ ಸವರಿದ. ಮತ್ತೆ ಸವರಿದ. ಆಮೇಲೆ ತುಟಿಗೆ ತಾಗಿಸಿ ನೋಡಿದ. ಅವನ ಮುಖ ಇಳಿದುಹೋಯಿತು.

"ಇದ್ಯಾರ್ದು ಟೀಚರಮ್ಮ?"

"ನನ್ನದು" ಅಂದೆ. ತಲೆ ಎತ್ತಲಾಗಲಿಲ್ಲ. ಬ್ಲೇಡು, ನೈಲಾನ್ ದಾರ, ಕಸದ ಗಾಡಿ, ಎಲ್ಲ ಹೇಳಿದೆ. ಅವನು ಪೆಟ್ಟಿಗೆಯ ಹತ್ತಿರ ಹೋಗಿ ಹತ್ತು ಕೆಂಪು ಗಂಟುಗಳನ್ನು ಒಂದೊಂದಾಗಿ ನೋಡಿದ. ನನಗೆ ಅಳು ತಡೆಯಲಾಗಲಿಲ್ಲ.

"ನಾಲ್ಕು ಮಾತು ಬೈಯಿ ಬೈರಣ್ಣ. ಸುಮ್ಮನೆ ನಿಲ್ಲಬೇಡ."

"ಬೈದ್ರೆ ಬತ್ತಾಳಾ ಕಣಮ್ಮ?" ಅಂದ. ಪೆಟ್ಟಿಗೆಯಿಂದ ಇತ್ತ ತಿರುಗಿ, "ನಿಮ್ಮನೇವ್ರು ಗಟ್ಟಿಯಾಗಿ ಅವ್ರಾ?" ಅಂತ ಕೇಳಿದ.

"ಇದಾರೆ."

ನನ್ನ ಕೂದಲಿನ ಗಾಳವನ್ನು ನನ್ನ ಅಂಗೈಗೇ ಇಟ್ಟು ಬೆರಳು ಮಡಿಸಿದ. "ಹಂಗಾದ್ರೆ ಇದು ಅವ್ರ ಹತ್ರ ಇರ್ಲಿ. ಇವತ್ತೇ ಕೊಡಿ. ನಾನು ಒಂದಾದ್ರೂ ಮಡಿಕ್ಕೊಬೇಕಿತ್ತು, ಎಲ್ಲಾನೂ ನಿಮ್ಗೆ ಕೊಟ್ಬುಟ್ಟೆ."

ಊಟಕ್ಕೆ ನಿಲ್ಲು ಅಂದರೆ ನಿಲ್ಲಲಿಲ್ಲ. ಬಸ್‌ಸ್ಟ್ಯಾಂಡಿನವರೆಗೂ ಅವನ ಹಿಂದೆಯೇ ನಡೆದೆ. ಕಲ್ಯಾಣದುರ್ಗದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಬೈರಣ್ಣ ಕುಂಕುಮದ ಡಬ್ಬಿಯನ್ನು ಜೇಬಿಗೆ ಹಾಕಿದ. ಮತ್ತೆ ಹೊರಗೆ ತೆಗೆದು, ಮುಚ್ಚಳ ಭದ್ರವಾಗಿದೆಯಾ ಅಂತ ಒತ್ತಿ ನೋಡಿದ. ಒಳಗೆ ಏನೂ ಇರಲಿಲ್ಲ.