ಪಬ್ಲಿಕ್ ಬಾವಿ

ಸುಣ್ಣದ ವಾಸನೆ, ಇನ್ನೂ ಹಸಿ, ಕಟ್ಟೆಗೆ ನಿನ್ನೆಯಷ್ಟೇ ಬಳಿದದ್ದು, ಮಾವ ಇದ್ದಿದ್ದರೆ ಕಪ್ಪುಕಲ್ಲಿಗೆ ಸುಣ್ಣ ಯಾಕೆ ಎಂದು ಬೈಯುತ್ತಿದ್ದ, ಆದರೆ ಈಗ ಬಳಿಯುವವರು ಸರ್ಕಾರದವರು, ಬಾವಿಯೂ ಸರ್ಕಾರದ್ದು — ತನ್ನದೇ ಹೊಲದ ಬಾವಿಯ ಮುಂದೆ ಗುರುಶಾಂತಮ್ಮ ಕೊಡ ಹಿಡಿದು ಸರದಿ ಕಾಯುತ್ತಿದ್ದಾಳೆ, ವಿಚಿತ್ರವೇ, ಆದರೂ ಎದೆ ಕುಗ್ಗಿಲ್ಲ. ಅವತ್ತು, ಆದವಾನಿಯಿಂದ ತಹಶೀಲ್ದಾರರು ಬಂದಿದ್ದಾರೆ, ಹತ್ತಿಗಿಡಗಳ ನಡುವೆ ಅಳತೆಯ ಸರಪಳಿ ಎಳೆಯುತ್ತಿದ್ದಾರೆ, ಗಿಡ ತುಳೀಬ್ಯಾಡ್ರಪಾ ಎಂದು ಕೂಗುತ್ತಾ ಅವಳು ಓಡುತ್ತಾಳೆ, ಊರಲ್ಲಿ ಸಿಹಿನೀರು ಇರುವುದು ಇದೊಂದೇ ಬಾವಿಯಲ್ಲಿ ನೋಡಮ್ಮ, ಪಬ್ಲಿಕ್‌ಗೆ ಬೇಕು ಎನ್ನುತ್ತಾರೆ ಅವರು, ಪಬ್ಲಿಕ್ ಅಂದ್ರ ಯಾರ್ರೀ, ಎಲ್ಲರೂನಮ್ಮ. ಎಲ್ಲರೂ. ಮೈದುನ ಮರಿಬಸಪ್ಪ ವಕೀಲರ ಮನೆಗೆ ಅಲೆದ, ಗಂಡನಿಲ್ಲದವಳ ಆಸ್ತಿಗೆ ಕೈಹಾಕಿದರೆಂದು ಹಾರಾಡಿದ, ನಡೆಯಲಿಲ್ಲ. ಅತ್ತದ್ದು ನಿಜ, ಗಂಡ ಈಜು ಕಲಿತ ಬಾವಿ, ಮದುಮಗಳಾಗಿ ಬಂದಾಗ ಅರಿಸಿನ ಕುಂಕುಮ ಏರಿಸಿ ಗಂಗೆ ಪೂಜೆ ಮಾಡಿದ ಬಾವಿ, ಅತ್ತು ಮುಗಿದ ಮೇಲೆ ಉಳಿದದ್ದು ಆ ಒಂದೇ ಮಾತು, ಎಲ್ಲರೂ, ಕಳೆದುಕೊಂಡದ್ದಕ್ಕೆ ಅಷ್ಟಾದರೂ ಅರ್ಥ ಇರಬೇಕಲ್ಲ — ಅಗೋ, ಜಾಲಿಯ ನೆರಳಲ್ಲಿ ಹೊರಕೇರಿಯ ಉಚ್ಚಮ್ಮ, ಹಿಂದೆ ನಿಲ್ಲುತ್ತಿದ್ದ ಜಾಗದಲ್ಲೇ, ಆಗ ಮನೆಯ ಆಳು ಎತ್ತರದಿಂದ ಅವಳ ಕೊಡಕ್ಕೆ ನೀರು ಹೊಯ್ಯುತ್ತಿದ್ದ, ಈಗ ಯಾರು ಹೊಯ್ಯಬೇಕು, ಇವತ್ತು ಅವಳೇ ಕಟ್ಟೆಯ ಕಡೆ ಕಾಲಿಟ್ಟಳು, ಮರಿಬಸಪ್ಪ ಕೈ ಅಡ್ಡ ಹಿಡಿದ, ಬಾವಿ ಸರ್ಕಾರದ್ದಾದ್ರೂ ಪದ್ಧತಿ ಊರಿಂದು, ಅಲ್ಲೇ ನಿಲ್ಲು ಎಂದ. ಸಾಲಿನಲ್ಲಿದ್ದವರು ನೆಲ ನೋಡಿದರು. ತನ್ನಿಂದ ಕಿತ್ತುಕೊಂಡು ಇವನಿಗೆ ಕೊಟ್ಟರೇ ಹಾಗಾದರೆ, ಸರಪಳಿ ಎಳೆದದ್ದು ಇದಕ್ಕೇ, ಗಿಡ ತುಳಿದದ್ದು ಇದಕ್ಕೇ — ಇಲ್ಲ, ಹಾಗಾಗಲು ಬಿಡುವುದಿಲ್ಲ, ಕಾಲು ಆಗಲೇ ಮುಂದೆ ನಡೆದಿತ್ತು, ಅವಳು ಅಂದಳು, ಮರಿಬಸಪ್ಪ, ಎಲ್ಲಾರ್ಗೂ ಅಂತ ಹೇಳಿ ನನ್ನ ಬಾವಿ ತಗೊಂಡಾರ, ಆಕಿ ಎಲ್ಲಾರೊಳಗ ಬರಂಗಿಲ್ಲಂದ್ರ ತಹಶೀಲ್ದಾರ್ರಿಗೆ ಹೇಳಿ ನನ್ನ ಬಾವಿ ನನಗ ತಿರುಗಿ ಕೊಡಸು, ಆವಾಗ ನಾನ ಆಕೀನ ಕರೀತೀನಿ. ಮರಿಬಸಪ್ಪ ಅವಳ ಕಡೆ ತಿರುಗಿದ, ಅತ್ತಿಗೆವ್ವ, ನಾಳೆ ಮಠದ ಅಯ್ಯನೋರು ನಮ್ಮ ಮನಿಗೆ ಪಾದಾ ಇಡಂಗಿಲ್ಲ, ನೋಡು ಎಂದ. ಇಡದಿದ್ದರೆ ಬೇಡ, ಲಿಂಗ ಎದೆಯ ಮೇಲಿದೆ, ಯಾರು ಬರದಿದ್ದರೂ ಅದು ಇರುತ್ತದೆ, ಅವಳು ಸೇದುವ ಹಗ್ಗ ಚಾಚಿದಳು, ಬಾ ಉಚ್ಚಮ್ಮ, ಉಚ್ಚಮ್ಮ ಕದಲಲಿಲ್ಲ, ಮರಿಬಸಪ್ಪನನ್ನು ನೋಡಿದಳು, ಸಾಲನ್ನು ನೋಡಿದಳು, ನಂತರ ಬಂದಳು, ನಿಧಾನ, ಅಂಗೈಯನ್ನು ಸೀರೆಗೆ ಒರೆಸಿಕೊಂಡು, ಮತ್ತೊಮ್ಮೆ ಒರೆಸಿಕೊಂಡು — ಮರಿಬಸಪ್ಪ ಹೋದನೋ ಇದ್ದಾನೋ, ಹಿಂದೆ ಯಾರೋ ಏನೋ ಅಂದರು, ಕೇಳಿಸಲಿಲ್ಲ — ಹಗ್ಗದ ಮೇಲೆ ತನ್ನ ಕೈ, ಅದರ ಕೆಳಗೆ ಉಚ್ಚಮ್ಮನ ಕೈ, ಬಿಗಿಯಾಗಿ, ಉಚ್ಚಮ್ಮನ ಕೈ, ಹಗ್ಗದ ಮೇಲೆ, ಉಚ್ಚಮ್ಮನ ಕೈ